ಮಂಗಳವಾರದ ಕಾರ್ಡು

ವಿಜಯಪುರದ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಖಲೀಲುಲ್ಲಾ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಬಟ್ಟೆ ಹರಿದುಕೊಂಡು ಬೀದಿಗೆ ಬರುವ ಹುಚ್ಚಲ್ಲ, ಮಾತುಗಳ ಹುಚ್ಚು. ಇಂಗ್ಲಿಷಿನಲ್ಲಿ ಒಂದೇ ತರಹ ಶುರುವಾಗುವ ಮಾತುಗಳನ್ನು ಹಿಡಿದು ತಂದು, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಮನೆಮನೆಯಾಗಿ ಕೂರಿಸುವುದು. 'ಟೆಲಿ' ಒಂದು ಮನೆ. ಟೆಲಿ ಅಂದರೆ ದೂರ. ದೂರದ ಬರಹ ಟೆಲಿಗ್ರಾಂ, ದೂರದ ದನಿ ಟೆಲಿಫೋನ್. 'ಟ್ರಾನ್ಸ್' ಇನ್ನೊಂದು ಮನೆ, ಆಚೆಗೆ ದಾಟಿಸುವುದು ಅದರ ಕಸುಬು. ಬಡ ಮೇಷ್ಟ್ರುಗಳನ್ನು ಊರಿಂದ ಊರಿಗೆ ಎತ್ತಿಹಾಕುವ ಟ್ರಾನ್ಸ್‌ಫರ್ ಹುಟ್ಟಿದ್ದು ಆ ಮನೆಯಲ್ಲೇ. ಹೆಣ್ಣು ನೋಡಲು ಹೋದವರು ಮನೆತನ ವಿಚಾರಿಸಿದ ಹಾಗೆ ಈ ಸಾಬರು ಮಾತಿನ ಮನೆತನ ವಿಚಾರಿಸುತ್ತಾರಲ್ಲ ಎಂದು ಊರಿನವರು ನಗುತ್ತಿದ್ದರು. ನಗಲಿ ಬಿಡಿ. ಮೇಷ್ಟ್ರ ಹೆಂಡತಿ ಮಹಮೂದಾ ಮದುವೆಯಾದ ಎರಡನೇ ವರ್ಷವೇ ಪ್ಲೇಗಿನಲ್ಲಿ ಹೋದಳು. ಆಮೇಲೆ ಮೇಷ್ಟ್ರು ಇನ್ನೊಂದು ಮದುವೆಯಾಗಲಿಲ್ಲ. ನೋಟ್‌ಬುಕ್ಕಿನ ಒಂದೊಂದು ಪುಟದಲ್ಲೂ ಹತ್ತು ಹನ್ನೆರಡು ಮಾತುಗಳ ತುಂಬಿದ ಸಂಸಾರವಿತ್ತು. ಅದನ್ನು ಬರೆಯುವವನ ಕೋಣೆಯಲ್ಲಿ ಒಂದು ಚಾಪೆ, ಒಂದು ಲಾಟೀನು, ಒಂದು ತಂಬಿಗೆ ಇದ್ದವು.

ಈ ಹುಚ್ಚಿಗೆ ಒಬ್ಬ ಪಾಲುದಾರನಿದ್ದ. ಹೆಸರು ರಾಮಾಂಜಿನಪ್ಪ, ದೊಡ್ಡಬಳ್ಳಾಪುರದ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಇಬ್ಬರೂ ದೇವನಹಳ್ಳಿಯ ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಹರೆಯದಲ್ಲಿ ಒಮ್ಮೆ ಇಬ್ಬರೂ ಬೆಂಗಳೂರಿಗೆ ಹೋಗಿ, ಹಳೇ ಪುಸ್ತಕದ ಅಂಗಡಿಯಲ್ಲಿ ದುಡ್ಡು ಕೂಡಿಸಿ ಒಂದು ದಪ್ಪ ಇಂಗ್ಲಿಷ್ ನಿಘಂಟು ಕೊಂಡರು. ಒಂದೊಂದು ಮಾತೂ ಯಾವ ದೇಶದಿಂದ ಬಂತು, ಅಲ್ಲಿ ಅದಕ್ಕೆ ಏನರ್ಥವಿತ್ತು ಎನ್ನುವುದೆಲ್ಲ ಅದರಲ್ಲಿತ್ತು. ವಾಪಸು ಬರುವ ರೈಲಿನಲ್ಲೇ ಅದರ ಬೆನ್ನು ಮುರಿದು ಎರಡು ಹೋಳಾಯಿತು. ಒಳ್ಳೆಯದೇ ಆಯಿತು ಎಂದ ರಾಮಾಂಜಿನಪ್ಪ. 'ಎ'ಯಿಂದ 'ಎಲ್'ವರೆಗೆ ಖಲೀಲನಿಗೆ, 'ಎಮ್'ನಿಂದ ಕೊನೆಯವರೆಗೆ ತನಗೆ.

ಅಂದಿನಿಂದ ಇಪ್ಪತ್ತೈದು ವರ್ಷ ಇದೇ ನಡೆಯಿತು. ತನ್ನ ಹೋಳಿನಲ್ಲಿಲ್ಲದ ಮಾತು ಬೇಕಾದರೆ ಇನ್ನೊಬ್ಬನಿಗೆ ಕಾರ್ಡು ಬರೆಯಬೇಕು. ಶುಕ್ರವಾರ ನಮಾಜು ಮುಗಿಸಿ ಮೇಷ್ಟ್ರು ಬರೆದು ಡಬ್ಬಿಗೆ ಹಾಕುವರು. ಮಂಗಳವಾರ ಅಲ್ಲಿಂದ ರಾಮಾಂಜಿನಪ್ಪನ ಕಾರ್ಡು ಹೊರಟು, ಬುಧವಾರವೋ ಗುರುವಾರವೋ ಮೇಷ್ಟ್ರ ಕಿಟಕಿಯಲ್ಲಿ ಬಂದು ಬೀಳುವುದು. ರಾಮಾಂಜಿನಪ್ಪ ಶಿಸ್ತಿನ ಆಸಾಮಿ. ತಿಂಗಳ ಮೊದಲಿಗೇ ಒಂದು ಕಟ್ಟು ಕಾರ್ಡು ತಂದು, ಎಲ್ಲದರ ಮೇಲೂ ಸ್ಟೇಷನ್ನಿನ ನೇರಳೆ ಶಾಯಿಯಲ್ಲಿ ಖಲೀಲುಲ್ಲಾ ಮೇಷ್ಟ್ರು, ವಿಜಯಪುರ ಎಂದು ಮೊದಲೇ ವಿಳಾಸ ಬರೆದಿಟ್ಟುಕೊಳ್ಳುತ್ತಿದ್ದ. ಬರವಣಿಗೆಯೆಲ್ಲ ಇಂಗ್ಲಿಷಿನಲ್ಲೇ, ಅದು ಹುಡುಗರಾಗಿದ್ದಾಗಿನ ಪಂದ್ಯ. ಮುಖ ನೋಡುವುದು ಮಾತ್ರ ಐದಾರು ವರ್ಷಕ್ಕೊಮ್ಮೆ. ಕಾರ್ಡು ಬರುತ್ತಿದೆಯಲ್ಲ, ಇನ್ನು ಮುಖವೇಕೆ ಎನ್ನುವ ಸೋಮಾರಿತನ ಇಬ್ಬರಿಗೂ ಇತ್ತು.

ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಯುದ್ಧದ ಕಾವು ವಿಜಯಪುರಕ್ಕೂ ತಟ್ಟಿತ್ತು. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ಪರದಾಟ, ರೇಷ್ಮೆಗೆ ಮಾತ್ರ ಎಲ್ಲಿಲ್ಲದ ಗಿರಾಕಿ. ಮೇಷ್ಟ್ರಿಗೆ ಕೋಣೆ ಬಾಡಿಗೆ ಕೊಟ್ಟಿದ್ದ ಆದಿನಾರಾಯಣಪ್ಪ ರೇಷ್ಮೆ ಹುರಿ ಮಾಡಿಸುವವನು. ಒಂದು ಸಂಜೆ ಜಗುಲಿಯ ಮೇಲೆ ಬೀಡಿ ಹಚ್ಚುತ್ತಾ ಕೇಳಿದ.

"ಮೇಷ್ಟ್ರೇ, ನಮ್ಮ ದಾರವೆಲ್ಲ ಪ್ಯಾರಾಚೂಟಿಗೆ ಹೋಗ್ತದಂತೆ. ಹಂಗಂದ್ರೇನು?"

"ವಿಮಾನದಿಂದ ಕೆಳಗೆ ಹಾರೋರು ಬೆನ್ನಿಗೆ ಕಟ್ಟಿಕೊಳ್ಳೋ ಕೊಡೆ ಕಣಪ್ಪ."

"ಅದು ಗೊತ್ತು ಬಿಡಿ. ಆ ಹೆಸರ್ಯಾಕೆ ಬಂತು ಅಂತ. ನೀವು ಅದ್ರಲ್ಲಿ ಹುಲಿಯಲ್ವಾ?"

ಹುಲಿಗೆ ಹುಮ್ಮಸ್ಸು ಬಂತು. 'ಪ್ಯಾರ' ಎಂದರೆ ಪಕ್ಕ ಎಂದು ಮೇಷ್ಟ್ರು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಾ ಬಂದಿದ್ದರು. ಪ್ಯಾರಲಲ್ ಅಂದರೆ ಒಂದರ ಪಕ್ಕ ಒಂದು ಹೋಗುವ ಗೆರೆಗಳು. ಪ್ಯಾರಾಗ್ರಾಫ್ ಅಂದರೆ ಹಿಂದಿನವರು ಸಾಲಿನ ಪಕ್ಕದಲ್ಲಿ ಎಳೆಯುತ್ತಿದ್ದ ಗುರುತು. ಪ್ಯಾರಾಚೂಟೂ ಆ ಮನೆಯದೇ ಎಂದು ಆದಿನಾರಾಯಣಪ್ಪನಿಗೆ ಹೇಳಿ, ನೋಟ್‌ಬುಕ್ಕಿನಲ್ಲೂ ಅಲ್ಲೇ ಕೂರಿಸಿದರು. 'ಪಿ' ಇರುವುದು ರಾಮಾಂಜಿನಪ್ಪನ ಹೋಳಿನಲ್ಲಿ. ಸುಮ್ಮನೆ ಒಂದು ಖಾತ್ರಿಗೆ ಅಂತ ಶುಕ್ರವಾರ ಕಾರ್ಡು ಹಾಕಿದರು.

ಗುರುವಾರ ಉತ್ತರ ಬಂತು. "ಲೇ ಖಲೀಲ, ತಪ್ಪು. ಮುಖ ನೋಡಿ ಮೋಸ ಹೋದೆ. ಪ್ಯಾರಾಗ್ರಾಫಿನ ಪ್ಯಾರ ಗ್ರೀಕರದು, ಅದಕ್ಕೆ ಪಕ್ಕ ಅಂತಲೇ ಅರ್ಥ. ಪ್ಯಾರಾಚೂಟಿನದು ಬೇರೆ ಮನೆ, ಇಟಲಿಯ ಕಡೆಯಿಂದ ಫ್ರಾನ್ಸಿಗೆ ಬಂದಿದ್ದು. ತಡೆ, ಕಾಪಾಡು ಅಂತ ಅದರ ಅರ್ಥ. ಬೀಳುವುದನ್ನು ತಡೆಯುವುದು ಪ್ಯಾರಾಚೂಟ್, ಬಿಸಿಲನ್ನು ತಡೆಯುವುದು ಪ್ಯಾರಸಾಲ್. ಬಾಗಿಲು ಒಂದೇ ತರಹ ಇದ್ದ ಮಾತ್ರಕ್ಕೆ ಮನೆ ಒಂದೇ ಆಗುತ್ತೇನಯ್ಯ? ಮಕ್ಕಳಿಗೆ ಸರಿಯಾಗಿ ಹೇಳಿಕೊಡು."

ಆ ಕೊನೇ ಸಾಲು ಮೇಷ್ಟ್ರಿಗೆ ಚುರುಕ್ಕೆಂದಿತು. ಇಪ್ಪತ್ತು ವರ್ಷದ ಪಾಠ ತಪ್ಪು ಅಂದರೆ ಯಾರು ತಡೆದುಕೊಂಡಾರು? ಅದೂ ಟಿಕೆಟ್ ಕಿಟಕಿಯ ಹಿಂದೆ ಕೂತವನು ಹೇಳುವುದು. ಅವರಿಗೆ ಮೂಗಿನ ತುದಿಯಲ್ಲೇ ಕೋಪ, ಅದು ಊರಿಗೇ ಗೊತ್ತು. ಅಂದು ಬೇಸಿಗೆ ರಜೆಯ ಹಿಂದಿನ ದಿನ. ನಾಳೆ ಬೆಳಿಗ್ಗೆ ಬೆಂಗಳೂರಿನ ದಂಡುಪ್ರದೇಶದಲ್ಲಿರುವ ತಂಗಿ ಸರ್ವರ್ ಬೇಗಂ ಮನೆಗೆ ಹೊರಡಬೇಕು. ಗಂಟು ಕಟ್ಟುವುದನ್ನು ಬಿಟ್ಟು ಕಾರ್ಡು ಬರೆಯಲು ಕೂತರು.

"ನೀನು ಟಿಕೆಟ್ ಕೊಡುವವನು, ವಿದ್ಯೆ ಕೊಡುವವನಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದು. ಇಪ್ಪತ್ತೈದು ವರ್ಷ ನನ್ನ ವಿದ್ಯೆಯ ಪಕ್ಕ ಕೂತು ತಿಂದೆ. ನಿನ್ನ ಹೋಳಿನಲ್ಲೇ ಪ್ಯಾರಸೈಟ್ ಅಂತ ಒಂದು ಮಾತಿದೆ. ಇನ್ನೊಬ್ಬರ ತಟ್ಟೆಯ ಪಕ್ಕ ಕೂತು ಉಣ್ಣುವವನು ಅಂತ ಅರ್ಥ. ತೆಗೆದು ನೋಡು, ಕನ್ನಡಿಯೇ ಬೇಡ."

ಡಬ್ಬಿಯಲ್ಲಿ ಕಾರ್ಡು ಬಿದ್ದ ಸದ್ದು ಕೇಳಿ ಹಾಯೆನ್ನಿಸಿತು. ಸಿಟ್ಟಿನಲ್ಲಿ ಮಾಡಿದ್ದೆಲ್ಲ ಆ ಗಳಿಗೆಗೆ ಹಾಯೆನ್ನಿಸುತ್ತದೆ.

ದಂಡಿನಲ್ಲಿ ತಂಗಿಯ ಮನೆ ತುಂಬ ಮಕ್ಕಳು. ಒಂದು ಮಧ್ಯಾಹ್ನ ಎಲ್ಲರೂ ನೆಲಕ್ಕೆ ಹಾಸಿದ ದಸ್ತರಖಾನದ ಬಟ್ಟೆಯ ಸುತ್ತ ಊಟಕ್ಕೆ ಕೂತಾಗ, ಕೊನೇ ಹುಡುಗಿ ಫರೀದಾ ಸರಿದು ಬಂದು ಮಾಮನ ತಟ್ಟೆಗೇ ಕೈ ಹಾಕಿದಳು. ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ದೇವನಹಳ್ಳಿ ಸ್ಕೂಲಿನ ಹಿಂದಿನ ಹುಣಸೆಮರ ನೆನಪಾಯಿತು. ಆಗ ಖಲೀಲನ ತಂದೆ ತೀರಿಕೊಂಡು ಮನೆಯಲ್ಲಿ ಒಂದು ಹೊತ್ತಿಗೇ ಕಷ್ಟ. ರಾಮಾಂಜಿನಪ್ಪ ಬಟ್ಟೆಯಲ್ಲಿ ಎರಡು ಮುದ್ದೆ ಕಟ್ಟಿಸಿಕೊಂಡು ಬರುತ್ತಿದ್ದ. ನಮ್ಮವ್ವ ಲೆಕ್ಕ ತಪ್ಪಿ ಎರಡಿಟ್ಟವ್ಳೆ, ಬಾರ್ಲಾ, ಎನ್ನುತ್ತಿದ್ದ. ಅವರವ್ವ ನಾಲ್ಕು ವರ್ಷ ಪ್ರತಿದಿನ ಲೆಕ್ಕ ತಪ್ಪಿದಳು. ಪಕ್ಕ ಕೂತು ಉಂಡವನು ಯಾರು? ಮೇಷ್ಟ್ರಿಗೆ ಊಟ ಸೇರಲಿಲ್ಲ.

"ಕ್ಯಾ ಹುವಾ ಭಾಯಿಜಾನ್, ಉಪ್ಪು ಜಾಸ್ತಿಯಾಯ್ತಾ?" ಎಂದಳು ತಂಗಿ.

ಮರುದಿನವೇ ಹಳೆಯ ಶಿಷ್ಯನೊಬ್ಬನನ್ನು ಹಿಡಿದು, ಅವನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ ಹೋಗಿ 'ಪಿ' ತೆಗೆದರು. ರಾಮಾಂಜಿನಪ್ಪ ಬರೆದದ್ದು ಅಕ್ಷರ ಅಕ್ಷರವೂ ನಿಜವಾಗಿತ್ತು.

ಅಲ್ಲಿಂದಲೇ ಒಂದು ಕಾರ್ಡು ಹಾಕಬಹುದಿತ್ತು. ಹಾಕಲಿಲ್ಲ. ಜಂಭ ನೋಡಿ. ಅವನು ಬೈದು ಬರೆದ ಕಾರ್ಡು ಇಷ್ಟರಲ್ಲಿ ವಿಜಯಪುರಕ್ಕೆ ಬಂದಿರುತ್ತದೆ, ಅದನ್ನು ಓದಿ ಬೈಸಿಕೊಂಡ ಮೇಲೆ ತಪ್ಪಾಯ್ತು ಅಂದರೆ ಸಮಸಮ ಆಗುತ್ತದೆ ಎಂದು ರಜೆ ಮುಗಿಯುವವರೆಗೂ ಕಾದರು.

ಜೂನ್ ತಿಂಗಳಲ್ಲಿ ಬಂದು ಕೋಣೆಯ ಬೀಗ ತೆಗೆದರೆ, ಕಿಟಕಿಯ ಕೆಳಗೆ ಧೂಳು ಬಿಟ್ಟು ಇನ್ನೇನೂ ಇರಲಿಲ್ಲ. ಮನೆಯಾಕೆ ವರಲಕ್ಷ್ಮಮ್ಮ ಅಂಗಳ ಗುಡಿಸುತ್ತಿದ್ದಳು.

"ಅಮ್ಮಾ, ದೊಡ್ಡಬಳ್ಳಾಪುರದಿಂದ ಏನಾದ್ರೂ…"

ಆಕೆ ಪೊರಕೆ ಕೆಳಗಿಟ್ಟಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಮನ್ಸಿಗೆ ಹಚ್ಕೋಬೇಡಿ ಮೇಷ್ಟ್ರೇ. ನಮ್ಮ ಕೈಲೇನೈತೆ?" ಎಂದು ಒಳಗೆ ಹೋಗಿ, ಎರಡು ಬಾಳೆಹಣ್ಣು ತಂದುಕೊಟ್ಟಳು.

ಬಂದಿಲ್ಲ, ಅಷ್ಟೇ. ತಾನು ಜಗಳವಾಡಿದ್ದನ್ನು ಹೊರಡುವ ದಿನ ಆದಿನಾರಾಯಣಪ್ಪನಿಗೆ ಹೇಳಿದ್ದರು, ಅವನು ಹೆಂಡತಿಗೆ ಹೇಳಿರಬೇಕು, ಪಾಪ ಈ ತಾಯಿಯೂ ನೊಂದುಕೊಂಡಿದ್ದಾಳೆ ಎಂದು ಮೇಷ್ಟ್ರು ತಿಳಿದರು.

ಮೇಷ್ಟ್ರಿಗೆ ಎಷ್ಟೋ ದಿನದ ಮೇಲೆ ತಿಳಿದ ಸಂಗತಿಯನ್ನು ನಿಮಗೆ ಇಲ್ಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟು ಆಟ ಆಡಿಸುವುದು ನನಗಾಗದು. ದೊಡ್ಡಬಳ್ಳಾಪುರದಿಂದ ಒಂದು ಕಾರ್ಡು ಬಂದಿತ್ತು. ಮೇಷ್ಟ್ರು ಹೋದ ವಾರದೊಳಗೇ. ಕೋಣೆಗೆ ಬೀಗ ಇದ್ದದ್ದರಿಂದ ಕಿಟಕಿಗೆ ಹಾಕದೆ ಪೋಸ್ಟಿನವನು ಅದನ್ನು ಆದಿನಾರಾಯಣಪ್ಪನ ಕೈಗೆ ಕೊಟ್ಟ. ವಿಳಾಸ ಮಾಮೂಲು ನೇರಳೆ ಶಾಯಿಯದೇ, ಆದರೆ ಹಿಂದೆ ಕನ್ನಡದಲ್ಲಿ ಬೇರೆ ಯಾರೋ ಬರೆದಿದ್ದರು. ರಾಮಾಂಜಿನಪ್ಪನವರು ಶನಿವಾರ ದೈವಾಧೀನರಾದರು, ಹನ್ನೊಂದನೇ ದಿನದ ಕಾರ್ಯಕ್ಕೆ ಬರುವುದು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಸಾವಿನ ಕಾಗದ ಹೊಸಿಲು ದಾಟಬಾರದು. ಓದಿದ ಕೈಯಲ್ಲೇ ಹರಿಯಬೇಕು. ಆದಿನಾರಾಯಣಪ್ಪ ಬೀದಿಯಲ್ಲೇ ನಿಂತು ಓದಿ, ಇನ್ನೊಬ್ಬರ ಹೆಸರಿನ ಕಾರ್ಡು ಎನ್ನುವುದೂ ಹೊಳೆಯದೆ, ರೂಢಿಯಲ್ಲಿ ನಾಲ್ಕು ಚೂರು ಮಾಡಿ ಚರಂಡಿಗೆ ಹಾಕಿ, ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದ.

ಹರಿದದ್ದು ಹರಿದ, ಹೇಳಬೇಕಿತ್ತು. ಮೇಷ್ಟ್ರು ಬಂದಾಗ ನೀನೇ ಮೆಲ್ಲಗೆ ಹೇಳು, ನನಗೆ ಬಾಯಿ ಬರೋದಿಲ್ಲ, ಎಂದು ಹೆಂಡತಿಗೆ ಒಪ್ಪಿಸಿದ. ಗಂಡಸರ ಹತ್ತಿರ ಇಂಥ ಮಾತು ನಾನು ಹೇಳುವುದೇ, ಸಂಜೆ ಬೀಡಿ ಸೇದುವಾಗ ಇವರೇ ಹೇಳುತ್ತಾರೆ ಎಂದುಕೊಂಡಳು ಆಕೆ. ಮೇಷ್ಟ್ರ ಬಾಡಿದ ಮುಖ ಕಂಡು ಗಂಡ ಹೇಳಿದ್ದಾನೆ ಎಂದು ಹೆಂಡತಿ ತಿಳಿದಳು, ಹೆಂಡತಿ ಹೇಳಿದ್ದಾಳೆ ಎಂದು ಗಂಡ ತಿಳಿದ. ಮೂರು ಜನ ಒಂದೇ ಅಂಗಳದಲ್ಲಿ ಓಡಾಡಿಕೊಂಡು, ಒಂದು ಮಾತು ಯಾರ ಬಾಯಿಂದಲೂ ಹೊರಬೀಳಲಿಲ್ಲ.

ಮೇಷ್ಟ್ರು ಶುಕ್ರವಾರ ಕಾರ್ಡು ಬರೆದರು. "ರಾಮಾಂಜಿನಿ, ನೀನೇ ಸರಿ. ಲೈಬ್ರರಿಯಲ್ಲಿ ನೋಡಿದೆ. ತಪ್ಪಾಯ್ತು." ಬುಧವಾರ ಕಾದರು, ಗುರುವಾರ ಕಾದರು. ಮುಂದಿನ ಶುಕ್ರವಾರ ಮತ್ತೊಂದು. "ಪ್ಯಾರಸೈಟ್ ನಾನು. ನಿಮ್ಮವ್ವನ ಮುದ್ದೆ ಮರೆತಿದ್ದೆ." ಅದಕ್ಕೂ ಉತ್ತರವಿಲ್ಲ. ಆಮೇಲಾಮೇಲೆ ಸುಮ್ಮನೆ ಮಾತುಗಳನ್ನೇ ಕೇಳತೊಡಗಿದರು. 'ಪ್ರಿ' ಅಂದರೆ ಮುಂಚೆ ಅಲ್ಲವೇ? 'ರಿ' ಅಂದರೆ ಮತ್ತೆ, ಮರಳಿ ಅಲ್ಲವೇ? ರಿಪ್ಲೈ ಅನ್ನುವುದರ ಮೂಲವೇನು, ನಿನ್ನ ಹೋಳು ನೋಡಿ ಹೇಳು. ಅವಕ್ಕೂ ಉತ್ತರವಿಲ್ಲ. ಪೋಸ್ಟಿನವನು ಬೀದಿಯ ಕೊನೆಯಲ್ಲಿ ಕಾಣಿಸಿದರೆ ಮೇಷ್ಟ್ರು ಏನೋ ಕೆಲಸವಿರುವವರ ಹಾಗೆ ಕಿಟಕಿಯ ಹತ್ತಿರ ನಿಲ್ಲುವರು. ಅವನು ಮುಂದೆ ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುವರು. ಹೆಂಡತಿ ಸತ್ತಾಗ ಅವರಿಗೆ ಇಪ್ಪತ್ತಾರು ವರ್ಷ. ಆಗ ಅಳಲು ಜನ ಸುತ್ತ ಇದ್ದರು. ಈಗ ಬದುಕಿರುವವನೊಬ್ಬ ಮಾತು ಬಿಟ್ಟಿದ್ದಾನೆ, ಇದನ್ನು ಯಾರ ಮುಂದೆ ಅಳುವುದು? ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಹೋಗ್ಲಿ ಬಿಡ್ಲಾ ಎನ್ನುವ ಒಂದು ಸಾಲು.

ವರಲಕ್ಷ್ಮಮ್ಮ ಆಗಾಗ ಹುರಿಗಾಳು, ಒಬ್ಬಟ್ಟು, ಬಿಸಿ ಸಾರು ಕಳಿಸುತ್ತಿದ್ದಳು. ಆದಿನಾರಾಯಣಪ್ಪ ಬೀಡಿ ಹಚ್ಚಿಕೊಟ್ಟು ಸುಮ್ಮನೆ ಪಕ್ಕ ಕೂರುತ್ತಿದ್ದ. ಇವರಿಗೇಕೆ ನನ್ನ ಮೇಲೆ ಇಷ್ಟು ಕರುಣೆ ಎಂದು ಮೇಷ್ಟ್ರಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಶ್ರಾವಣದ ಒಂದು ಮಂಗಳವಾರ ಸ್ಕೂಲಿಗೆ ರಜೆ ಇತ್ತು. ಮೇಷ್ಟ್ರು ಶೇರ್ವಾನಿ ಹಾಕಿ ಟೋಪಿ ಸರಿಮಾಡಿಕೊಂಡು ಹೊರಟರು.

"ಎಲ್ಲಿಗೆ ಮೇಷ್ಟ್ರೇ?" ಎಂದಳು ವರಲಕ್ಷ್ಮಮ್ಮ.

"ದೊಡ್ಡಬಳ್ಳಾಪುರಕ್ಕೆ ಅಮ್ಮಾ. ಅವನ ಸಿಟ್ಟು ಇನ್ನೂ ಇಳಿದಿಲ್ಲ. ಎದುರಿಗೆ ನಿಂತು ಕೇಳಿದರೆ ಇಲ್ಲ ಅಂತಾನಾ? ನೋಡೇಬಿಡ್ತೀನಿ."

ಆಕೆಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಗಂಡನನ್ನು ಕರೆಯಲು ಹಿತ್ತಲಿಗೆ ಓಡಿದಳು. ಅವರಿಬ್ಬರೂ, ನೀನು ಹೇಳಿಲ್ವಾ, ನೀವು ಹೇಳಿಲ್ವಾ ಎಂದು ಒಬ್ಬರನ್ನೊಬ್ಬರು ಹಿಡಿದುಕೊಂಡು ಬೀದಿಗೆ ಬರುವಷ್ಟರಲ್ಲಿ ಮೇಷ್ಟ್ರು ಬಸ್ಸು ಹತ್ತಿಯಾಗಿತ್ತು.

ಆಗಿನದು ಇದ್ದಿಲ ಬಸ್ಸು. ಹಿಂದೆ ಕಟ್ಟಿದ ಪೀಪಾಯಿಯಲ್ಲಿ ಇದ್ದಿಲು ಉರಿಸಿ ಅದರ ಹೊಗೆಯಲ್ಲೇ ಓಡುವುದು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು. ದೇವನಹಳ್ಳಿಯಲ್ಲಿ ಒಂದು ಗಂಟೆ ನಿಂತಿತು. ಅಲ್ಲಿಂದ ಮುಂದೆ ಮೇಷ್ಟ್ರು ದಾರಿಯುದ್ದಕ್ಕೂ ಒಂದು ಹುಡುಗಾಟ ಹೂಡಿಕೊಂಡು ಹೋದರು. ಮನೆಗೆ ಹೋಗುವುದು ಬೇಡ. ನೇರ ಸ್ಟೇಷನ್ನಿಗೆ ಹೋಗಿ, ಟಿಕೆಟ್ ಕಿಟಕಿಗೆ ಬಗ್ಗಿ, ದನಿ ಬದಲಿಸಿ, ಮಾಕಳಿದುರ್ಗಕ್ಕೆ ಒಂದು, ಎನ್ನುವುದು. ಅವನು ತಲೆ ಎತ್ತದೆ ಟಿಕೆಟ್ ಕೊಡುತ್ತಾನೆ. ಕೈ ಹಿಡಿದುಕೊಂಡುಬಿಡುವುದು. ಆಮೇಲೆ ಬಯ್ಯಲಿ, ಎಷ್ಟು ಬೇಕಾದರೂ ಬಯ್ಯಲಿ.

ಸ್ಟೇಷನ್ನಿನಲ್ಲಿ ಜನವಿರಲಿಲ್ಲ. ಮೇಷ್ಟ್ರು ಕಿಟಕಿಗೆ ಬಗ್ಗಿದರು.

"ಮಾಕಳಿದುರ್ಗ ಒಂದು."

ಟಿಕೆಟ್ ಹಿಡಿದ ಕೈ ಹೊರಗೆ ಬಂತು. ಅದು ಎಳೆಯ ಕೈ, ಬೆರಳಲ್ಲಿ ಬೆಳ್ಳಿಯ ಉಂಗುರ. ಮೇಷ್ಟ್ರು ಇನ್ನೂ ಬಗ್ಗಿ ನೋಡಿದರು. ಗೊತ್ತಿಲ್ಲದ ಹುಡುಗ.

"ರಾಮಾಂಜಿನಪ್ಪ ಇಲ್ವೇ ಇವತ್ತು?"

ಹುಡುಗ ಅವರ ಟೋಪಿ, ಶೇರ್ವಾನಿ ನೋಡಿದ. ಮೆಲ್ಲಗೆ ಹೇಳಿದ. "ತೀರಿಕೊಂಡ್ರಲ್ಲ ಸಾರ್. ಏಪ್ರಿಲ್‌ನಲ್ಲೇ. ಇಲ್ಲೇ ಬೆಳಗಿನ ಗಾಡಿಗೆ ಟಿಕೆಟ್ ಕೊಡ್ತಾ ಕೊಡ್ತಾ ಎದೆ ಹಿಡ್ಕೊಂಡ್ರು. ನಿಮಗೆ ಗೊತ್ತಿರ್ಲಿಲ್ವಾ?"

ಹಿಂದೆ ಒಬ್ಬ ರೈತ ಬಂದು ನಿಂತಾಗ ಮೇಷ್ಟ್ರು ಪಕ್ಕಕ್ಕೆ ಸರಿದರು. ಗಾಡಿ ಬಂತು, ಹೋಯಿತು. ಟಿಕೆಟ್ ಕೈಯಲ್ಲಿತ್ತು. ಏಪ್ರಿಲ್, ಏಪ್ರಿಲ್ ಎಂದುಕೊಂಡರು. ಕಾರ್ಡು ಹಾಕಿದ್ದು ಏಪ್ರಿಲ್‌ನಲ್ಲಿ. ಅದನ್ನು ಓದಿಯೇ ಎದೆ ಹಿಡಿದುಕೊಂಡನೇ? ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೂ ಹೋದದ್ದು ಅವನ ಮನೆಗೇ.

ಮನೆ ಕೆರೆ ಏರಿಯ ಕೆಳಗಿನ ಬೀದಿಯಲ್ಲಿ. ಎಡಕ್ಕೂ ಬಲಕ್ಕೂ ಮಗ್ಗದ ಸದ್ದು. ರಾಮಾಂಜಿನಪ್ಪನ ಹೆಂಡತಿ ಮುನಿಗಂಗಮ್ಮ ಜಗುಲಿಯ ಮೇಲೆ ಕೂತು ಲಾಳಿಗೆ ನೂಲು ಸುತ್ತುತ್ತಿದ್ದಳು. ಬರಿ ಹಣೆ. ಮೇಷ್ಟ್ರನ್ನು ಕಂಡು ಎದ್ದು ನಿಂತಳು.

"ಈಗ ಬಂದ್ರಾ ಅಣ್ಣಾ," ಎಂದಳು. "ಕೂತ್ಕಳಿ."

"ನನಗೆ ಗೊತ್ತೇ ಆಗ್ಲಿಲ್ಲ ಅಮ್ಮಾ. ಈಗ, ಸ್ಟೇಷನ್ನಿನಲ್ಲಿ…"

"ನಮ್ಮಣ್ಣ ಅಪ್ಪಯ್ಯಣ್ಣನೇ ಕಾರ್ಡು ಹಾಕಿದ್ನಲ್ಲ. ಅವ್ರು ವಿಳಾಸ ಬರ್ದು ಇಟ್ಟಿದ್ದ ಕಟ್ಟಿನಲ್ಲೇ ಒಂದು ತಗೊಂಡು ಬರ್ದ."

"ಬರಲಿಲ್ಲ."

ಆಕೆ ಕೈಯಲ್ಲಿದ್ದ ಲಾಳಿ ಕೆಳಗಿಟ್ಟಳು. "ಹಂಗಾದ್ರೆ ವಾರ ವಾರ ಬರೀತಿದ್ದದ್ದು ಗೊತ್ತಿಲ್ದೇನೇ?"

"ಹೌದು."

"ನಾವು ಬೇರೆ ತಿಳ್ಕೊಂಡಿದ್ವಿ," ಎಂದಳು ಮುನಿಗಂಗಮ್ಮ. "ಹೋದವ್ರಿಗೆ ಹಿಂಗೆ ವಾರಕ್ಕೊಂದು ಕಾಗ್ದ ಬರಿಯೋದು ನಿಮ್ಮ ಜನದಲ್ಲಿ ಪದ್ಧತಿ ಇರ್ಬೋದು ಅಂತ ಅಪ್ಪಯ್ಯಣ್ಣ ಅಂದ. ನಮ್ಮಲ್ಲಿ ಎಡೆ ಇಕ್ಕಲ್ವಾ, ಹಂಗೆ. ಇರ್ಬೋದು, ಎಷ್ಟು ಒಳ್ಳೆ ಪದ್ಧತಿ ಅಂದ್ಕೊಂಡೆ. ಬಂದಿದ್ದನ್ನೆಲ್ಲ ಅವ್ರ ಗೂಡಿನಲ್ಲೇ ಇಟ್ಟಿದೀನಿ. ಇಂಗ್ಲಿಷ್ ಓದಕ್ಕೆ ನಮಗೆ ಯಾರಿಗೂ ಬರಲ್ಲ."

ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಗೋಡೆಯ ಗೂಡಿನಲ್ಲಿ ಅವನ ಕನ್ನಡಕ, ಬೆನ್ನಿಲ್ಲದ ನಿಘಂಟಿನ ಅರ್ಧ, ಅದರ ಪಕ್ಕದಲ್ಲಿ ಕಾರ್ಡುಗಳು. ಒಂದೊಂದರ ಮೇಲೂ ಒಂದು ಒಣಗಿದ ಹೂವು. ಮುನಿಗಂಗಮ್ಮ ತಳದಿಂದ ಒಂದು ಕಾರ್ಡು ತೆಗೆದು ಕೊಟ್ಟಳು.

"ಇದು ಮೊದ್ಲು ಬಂದಿದ್ದು. ಮಣ್ಣು ಮಾಡಿ ಬಂದ ಮಾರನೇ ದಿನ. ಆ ದಿನದಿಂದ ಕೇಳ್ಬೇಕು ಅಂತ ಆಸೆ. ಏನು ಬರ್ದಿದೀರ, ಓದಿ ಅಣ್ಣಾ."

ಮೇಷ್ಟ್ರು ನೋಡಿದರು. ಅದೇ ಕಾರ್ಡು. ಅವನು ಓದಿರಲಿಲ್ಲ. ತನ್ನ ಮಾತು ಅವನನ್ನು ಕೊಂದಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಲ್ಲು ಕೂತಿತು. ತಪ್ಪಾಯ್ತು ಅಂದದ್ದನ್ನೂ ಅವನು ಓದಿಲ್ಲ. ಎರಡು ತಿಂಗಳು ತಾನು ಮಾತಾಡಿದ್ದು ಗೋಡೆಯ ಜೊತೆ.

ಸುಳ್ಳು ಓದಬಹುದಿತ್ತು. ಆಕೆಗೆ ಒಂದಕ್ಷರ ಬರದು, ಬಾಯಿಗೆ ಬಂದ ನಾಲ್ಕು ಒಳ್ಳೆಯ ಮಾತು ಹೇಳಿದರೆ ಮುಗಿಯಿತು. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿದರು. ಟಿಕೆಟ್ ಕೊಡುವವನು, ವಿದ್ಯೆ ಕೊಡುವವನಲ್ಲ ಎಂದದ್ದು, ಪಕ್ಕ ಕೂತು ತಿಂದೆ ಎಂದದ್ದು, ಕನ್ನಡಿಯೇ ಬೇಡ ಎಂದದ್ದು. ಹೇಳಿ ತಲೆ ತಗ್ಗಿಸಿ ಕೂತರು. ಹೊರಗೆ ಮಗ್ಗದ ಸದ್ದು ನಡೆದೇ ಇತ್ತು.

"ಇದನ್ನ ಅವ್ರು ಓದಿದ್ರೆ," ಎಂದಳು ಮುನಿಗಂಗಮ್ಮ, ಯೋಚನೆ ಮಾಡುತ್ತಾ. "ಸಿಟ್ಟು ಬರ್ತಿತ್ತು. ಎರಡು ದಿನ ನನ್ನ ಜೊತೆನೂ ಮಾತಾಡ್ತಿರ್ಲಿಲ್ಲ."

"ಆಮೇಲೆ?"

"ಆಮೇಲೇನು. ನಿಮ್ಮ ಜಗಳ ನಾನು ನೋಡಿಲ್ವಾ? ಮೂರ್ನೇ ದಿನ, ಆ ಕಟ್ಟಿನಲ್ಲಿ ಒಂದು ಕಾರ್ಡು ಕೊಡೇ ಅನ್ನೋರು."

ಮೇಷ್ಟ್ರು ಅತ್ತರು. ಐವತ್ತು ದಾಟಿದ ಗಂಡಸು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ನಾಚಿಕೆಯಿಲ್ಲದೆ ಅತ್ತರು. ಮುನಿಗಂಗಮ್ಮ ಸುಮ್ಮನಿರಿ ಎನ್ನಲಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು. ಉಳ್ದಿದ್ದನ್ನೂ ಓದಿ ಎಂದಳು. ಒಂದೊಂದಾಗಿ ಎಲ್ಲವನ್ನೂ ಓದಿದರು. ಮುದ್ದೆಯ ಮಾತು ಬಂದಾಗ ಆಕೆಯೂ ಕಣ್ಣೊರೆಸಿಕೊಂಡಳು. 'ಪ್ರಿ', 'ರಿ' ಬಂದಾಗ ಏನೂ ತಿಳಿಯದೆ, ಆದರೂ ಹೂಂಗುಟ್ಟುತ್ತಾ ಕೇಳಿದಳು.

ಹೊರಡುವಾಗ ಆಕೆ ನಿಘಂಟಿನ ಹೋಳನ್ನು ಎರಡೂ ಕೈಯಲ್ಲಿ ತಂದಳು. ಮೇಷ್ಟ್ರು ಬೇಡವೆಂದರು. ಎರಡು ಹೋಳೂ ತನ್ನ ಹತ್ತಿರ ಇದ್ದರೆ ಇನ್ನು ಯಾರನ್ನು ಕೇಳುವುದಿದೆ? ಅದು ಇಲ್ಲೇ ಇರಲಿ, ಯಾವಾಗಲಾದರೂ ಬಂದು ನೋಡುತ್ತೇನೆ ಎಂದರು. ಪುಸ್ತಕದೊಳಗಿಂದ ಏನೋ ಜಾರಿ ಬಿತ್ತು. ನೇರಳೆ ಶಾಯಿಯ ವಿಳಾಸವಿರುವ ಕಾರ್ಡುಗಳು, ಆ ತಿಂಗಳ ಕಟ್ಟಿನಲ್ಲಿ ಉಳಿದವು. ಖಲೀಲುಲ್ಲಾ ಮೇಷ್ಟ್ರು, ವಿಜಯಪುರ. ಹಿಂದುಗಡೆ ಎಲ್ಲ ಖಾಲಿ.

"ನಿಮ್ಮ ಹೆಸ್ರಿಗೇ ಇದಾವೆ. ತಗೊಂಡೋಗಿ," ಎಂದಳು ಮುನಿಗಂಗಮ್ಮ.

ಮೇಷ್ಟ್ರು ಅವನ್ನು ಆಯ್ದು ಜೋಡಿಸಿ, ತಿರುಗಿ ಆಕೆಯ ಕೈಗೇ ಕೊಟ್ಟರು.

"ಅಮ್ಮಾ, ಒಂದು ಉಪಕಾರ ಮಾಡ್ತೀರಾ? ಮಂಗಳವಾರ ಇದರಲ್ಲೊಂದು ಡಬ್ಬಿಗೆ ಹಾಕಿಸಿ."

"ಏನು ಬರ್ಸಿ ಹಾಕ್ಲಿ?"

"ಏನೂ ಬರೆಸ್ಬೇಡಿ."

ಆಕೆ ಯಾಕೆಂದು ಕೇಳಲಿಲ್ಲ. ಇದೂ ಇವರ ಪದ್ಧತಿಯೇ ಇರಬೇಕು ಎಂದುಕೊಂಡಳೋ ಏನೋ.

ಆ ಸಂಜೆ ವಿಜಯಪುರದಲ್ಲಿ ಬಸ್ಸು ನಿಲ್ಲುವ ಕಡೆ ಗಂಡ ಹೆಂಡತಿ ಇಬ್ಬರೂ ಕಾದು ನಿಂತಿದ್ದರು. ಆದಿನಾರಾಯಣಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ, ಚರಂಡಿಗೆ ಹಾಕಿದ್ದನ್ನೂ ಮುಚ್ಚಿಡಲಿಲ್ಲ. "ಚಪ್ಲಿ ತಗೊಂಡು ಹೊಡೀರಿ ಮೇಷ್ಟ್ರೇ" ಎಂದ. ಮೂಗಿನ ತುದಿಯ ಕೋಪದ ಮನುಷ್ಯ ಅಂದು ಕೋಪ ಮಾಡಿಕೊಳ್ಳಲಿಲ್ಲ. ಮನೆಗೆ ನಡೀರಿ ಎಂದಷ್ಟೇ ಹೇಳಿದರು. ಮರುದಿನ ನೋಟ್‌ಬುಕ್ಕು ತೆಗೆದು, ಪ್ಯಾರಾಚೂಟನ್ನು ಹಳೆಯ ಮನೆಯಿಂದ ಹೊಡೆದುಹಾಕಿ, ಖಾಲಿ ಪುಟದಲ್ಲಿ ಅದಕ್ಕೆ ಬೇರೆ ಮನೆ ಕಟ್ಟಿದರು.

ಮುಂದಿನ ವಾರದ ಗುರುವಾರ ಮೇಷ್ಟ್ರು ಸ್ಕೂಲಿನಿಂದ ಬರುವ ಹೊತ್ತಿಗೆ ಆದಿನಾರಾಯಣಪ್ಪ ಜಗುಲಿಯ ಮೇಲೆ ಕಾಯುತ್ತಿದ್ದ. ಎರಡೂ ಕೈಯಲ್ಲಿ ಒಂದು ಕಾರ್ಡು ಹಿಡಿದಿದ್ದ, ಮಗು ಹಿಡಿದ ಹಾಗೆ. ಬೆವರಿದ್ದ.

"ಮೇಷ್ಟ್ರೇ, ದೊಡ್ಡಬಳ್ಳಾಪುರದ್ದು. ನಾನು ಮಡಿಸೂ ಇಲ್ಲ. ಆದ್ರೆ ಇದ್ರಲ್ಲಿ ಏನೂ ಬರ್ದಿಲ್ಲ."

ಮೇಷ್ಟ್ರು ಕಾರ್ಡು ತೆಗೆದುಕೊಂಡು ವಿಳಾಸ ನೋಡಿದರು. ತಿರುಗಿಸಿ ಖಾಲಿ ಕಡೆಯನ್ನು ನೋಡಿದರು. ಕನ್ನಡಕ ಒರೆಸಿಕೊಂಡು, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದುವಷ್ಟು ಹೊತ್ತು ನೋಡಿದರು.

"ಏನಂತೆ ಮೇಷ್ಟ್ರೇ?" ಎಂದ ಆದಿನಾರಾಯಣಪ್ಪ, ತಡೆಯಲಾರದೆ.

"ಸಿಟ್ಟು ಇಳಿದಿದೆಯಂತೆ," ಎಂದು ಮೇಷ್ಟ್ರು ಕೋಣೆಯ ಬೀಗ ತೆಗೆದರು.